ಪ್ಲೇಟ್‌ಲೆಟ್ ಒಂದನ್ನೇ ನೋಡಿದರೆ ಸಾಲದು: ಜ್ವರ ಯಾರಿಗೆ ಬಿಗಡಾಯಿಸುತ್ತದೆ ಎಂದು ರಕ್ತ ಹೇಳುತ್ತದಾ?

ಮಳೆ ಹಿಡಿದ ಮೇಲೆ ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಯಾರಿಗಾದರೂ ಡೆಂಗಿ ಅಂತ ಗೊತ್ತಾದರೆ ಸುತ್ತಲಿನವರು ಕೇಳುವುದು ಒಂದೇ ಮಾತು. ‘ಪ್ಲೇಟ್‌ಲೆಟ್ ಎಷ್ಟಿದೆ?’ ರಕ್ತ ಹೆಪ್ಪುಗಟ್ಟಲು ಬೇಕಾದ ಈ ಸಣ್ಣ ಕಣಗಳು ಒಂದೂವರೆ ಲಕ್ಷ ಅಂದರೆ ಸಮಾಧಾನ. ಎಂಬತ್ತು ಸಾವಿರ ಅಂದರೆ ಗಾಬರಿ. ಮೂವತ್ತು ಸಾವಿರ ಅಂದರೆ ರಾತ್ರೋರಾತ್ರಿ ಕಾರು ಮಾಡಿಕೊಂಡು ಘಾಟಿ ಇಳಿದು ಮಂಗಳೂರಿಗೋ ಮಣಿಪಾಲಕ್ಕೋ ಹೊರಡುವುದು.

ಕೇಳುವವರ ಮನಸ್ಸಿನಲ್ಲಿ ಇರುವುದು ನಿಜವಾಗಿ ಬೇರೆ ಪ್ರಶ್ನೆ. ಇವರಿಗೆ ಮನೆಯಲ್ಲೇ ವಾಸಿಯಾಗುತ್ತದಾ, ಇಲ್ಲ ಬಿಗಡಾಯಿಸುತ್ತದಾ? ಬೆಂಗಳೂರಿನಲ್ಲಿ ಇರುವವರಿಗೆ ಈ ಪ್ರಶ್ನೆಗೆ ಉತ್ತರ ಅರ್ಧ ದಿನ ತಡವಾಗಿ ಸಿಕ್ಕರೂ ನಡೆದೀತು. ಆಸ್ಪತ್ರೆ ಹತ್ತಿರ ಇರುತ್ತದೆ. ಕಳಸದ ಕಡೆಯ ಒಂದು ತೋಟದ ಲೈನ್ ಮನೆಯಲ್ಲಿ ಮಲಗಿರುವವರಿಗೆ ಹಾಗಲ್ಲ. ಜಿಲ್ಲಾ ಆಸ್ಪತ್ರೆ ಗಂಟೆಗಟ್ಟಲೆ ದೂರ. ಮಳೆ ಜೋರಾಗಿ ಮರ ಬಿದ್ದರೆ ರಸ್ತೆಯೇ ಇಲ್ಲ. ಅಲ್ಲಿ ಯಾರನ್ನು ಇವತ್ತೇ ಹೊರಡಿಸಬೇಕು, ಯಾರನ್ನು ನಾಳೆವರೆಗೆ ನೋಡಬಹುದು ಎಂದು ಮೊದಲೇ ತಿಳಿಯುವುದು ಜೀವದ ಪ್ರಶ್ನೆ.

2024ರ ಜೂನ್, ಜುಲೈ ಯಾರೂ ಮರೆತಿಲ್ಲ. ಹಾಸನ ಜಿಲ್ಲೆಯಲ್ಲಿ ಜ್ವರದಿಂದ ಮಕ್ಕಳು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬಂತು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಡೆಂಗಿ ಪ್ರಕರಣ ಜಾಸ್ತಿ ಇತ್ತು. ಸರ್ಕಾರ ಖಾಸಗಿ ಲ್ಯಾಬುಗಳಲ್ಲಿ ಡೆಂಗಿ ಪರೀಕ್ಷೆಯ ದರಕ್ಕೆ ಮಿತಿ ಹಾಕಿತು. ಎನ್‌ಎಸ್1 ಎಲೈಸಾ ಪರೀಕ್ಷೆಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300 ರೂಪಾಯಿ. ಸೆಪ್ಟೆಂಬರ್ ಹೊತ್ತಿಗೆ ಡೆಂಗಿಯನ್ನು ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ತಂದಿತು. ಒಳ್ಳೆಯ ಕೆಲಸವೇ. ಆದರೆ ಆ ಎರಡೂ ಪರೀಕ್ಷೆ ಹೇಳುವುದು ಡೆಂಗಿ ಇದೆಯಾ ಇಲ್ಲವಾ ಎಂದಷ್ಟೇ. ಮುಂದೆ ಏನಾಗುತ್ತದೆ ಎಂದು ಅವು ಹೇಳುವುದಿಲ್ಲ. ‘ಪಾಸಿಟಿವ್’ ಎಂದು ಬಂದವರಲ್ಲಿ ಹೆಚ್ಚಿನವರು ಪ್ಯಾರಾಸಿಟಮಾಲ್ ನುಂಗಿ, ಗಂಜಿ, ಎಳನೀರು ಕುಡಿದು ವಾರದಲ್ಲಿ ಎದ್ದು ಓಡಾಡುತ್ತಾರೆ. ಕೆಲವರು ಮಾತ್ರ ಐದನೇ ದಿನ ಕುಸಿಯುತ್ತಾರೆ. ಆ ಕೆಲವರು ಯಾರು?

ಒಂದು ರಿಪೋರ್ಟ್ ಓದಿ ನೋಡೋಣ

ಡೆಂಗಿಯಲ್ಲಿ ಜೀವಕ್ಕೆ ಅಪಾಯ ತರುವುದು ಹೆಚ್ಚಾಗಿ ರಕ್ತಸ್ರಾವ ಅಲ್ಲ, ಸೋರಿಕೆ. ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಜಿನುಗುತ್ತದೆ. ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಹೋಗಿ ನಿಲ್ಲುತ್ತದೆ. ರಕ್ತಕಣಗಳು ನಾಳದೊಳಗೇ ಉಳಿಯುತ್ತವೆ. ನೀರು ಹೋದಷ್ಟೂ ಬೆಲ್ಲದ ಪಾಕ ಗಟ್ಟಿಯಾಗುವ ಹಾಗೆ ರಕ್ತ ಗಟ್ಟಿಯಾಗುತ್ತದೆ. ಬಿಪಿ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದು ಸಾಮಾನ್ಯವಾಗಿ ಜ್ವರ ಶುರುವಾದ ಮೂರನೇ ದಿನದಿಂದ ಏಳನೇ ದಿನದ ಒಳಗೆ, ಜ್ವರ ಇಳಿಯುವ ಹೊತ್ತಿಗೇ ಆಗುತ್ತದೆ. ಒಂದೆರಡು ದಿನ ಇರುತ್ತದೆ. ‘ಜ್ವರ ಬಿಡ್ತು, ಇನ್ನೇನು ಭಯ ಇಲ್ಲ’ ಎಂದು ಮನೆಯವರು ಉಸಿರು ಬಿಡುವ ಹೊತ್ತೇ ಜಾಸ್ತಿ ನಿಗಾ ಬೇಕಾದ ಹೊತ್ತು.

ಈ ಸೋರಿಕೆಯನ್ನು ಹಿಡಿದು ತೋರಿಸುವ ಸಂಖ್ಯೆ ಎಲ್ಲರ ಕೈಯಲ್ಲಿರುವ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟಿನಲ್ಲೇ ಇದೆ. ಹೆಸರು ಪಿಸಿವಿ. ಕೆಲವು ಲ್ಯಾಬುಗಳು ಹೆಮಟೋಕ್ರಿಟ್ ಎಂದು ಬರೆಯುತ್ತವೆ. ನೂರು ಪಾಲು ರಕ್ತದಲ್ಲಿ ಕೆಂಪು ರಕ್ತಕಣ ಎಷ್ಟು ಪಾಲು ಎಂಬ ಲೆಕ್ಕ ಅದು. ಹೆಚ್ಚುಕಡಿಮೆ ಹಿಮೋಗ್ಲೋಬಿನ್ನಿನ ಮೂರು ಪಟ್ಟು ಇರುತ್ತದೆ.

ಉದಾಹರಣೆಗೆ ಮೂವತ್ತು ದಾಟಿದ ಒಬ್ಬ ಹೆಂಗಸಿನ ಎರಡು ರಿಪೋರ್ಟ್ ಅಂದುಕೊಳ್ಳಿ. ಜ್ವರದ ಮೂರನೇ ದಿನ ಪಿಸಿವಿ 36, ಪ್ಲೇಟ್‌ಲೆಟ್ 1,40,000. ಐದನೇ ದಿನ ಪಿಸಿವಿ 44, ಪ್ಲೇಟ್‌ಲೆಟ್ 60,000. ಎರಡನೇ ಹಾಳೆಯಲ್ಲಿ ಲ್ಯಾಬಿನ ಯಂತ್ರ ಪ್ಲೇಟ್‌ಲೆಟ್ಟನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುತ್ತದೆ. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಪಿಸಿವಿ 44 ಮಾಮೂಲಿ ಅಕ್ಷರದಲ್ಲೇ ಇರುತ್ತದೆ. ಹೆಂಗಸರಿಗೆ 36ರಿಂದ 46 ನಾರ್ಮಲ್ ಎಂದು ಪಕ್ಕದಲ್ಲೇ ಬರೆದಿರುತ್ತದಲ್ಲ. ಆದರೆ ಈ ಹೆಂಗಸಿಗೆ ಮೊದಲು ಇದ್ದದ್ದು 36. ಎರಡೇ ದಿನದಲ್ಲಿ ಶೇ 22ರಷ್ಟು ಏರಿದೆ. ಶೇ 20ರಷ್ಟು ಏರಿದರೆ ಅದನ್ನು ಸೋರಿಕೆಯ ಗುರುತು ಎಂದು ವೈದ್ಯರು ಓದುತ್ತಾರೆ. ನಾರ್ಮಲ್ ಎಂದು ಮುದ್ರಣವಾಗಿರುವ ಆ ಸಂಖ್ಯೆಯೇ ಇಡೀ ಹಾಳೆಯಲ್ಲಿ ಅತಿ ಗಂಭೀರವಾದದ್ದು. ಮೂರನೇ ದಿನದ ಹಾಳೆ ಕೈಯಲ್ಲಿ ಇಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಇನ್ನೊಬ್ಬರನ್ನು ನೋಡಿ. ಏಳನೇ ದಿನ, ಪ್ಲೇಟ್‌ಲೆಟ್ 28,000. ಪಿಸಿವಿ ನಾಲ್ಕು ದಿನದಿಂದ 37, 38ರ ಆಸುಪಾಸಿನಲ್ಲೇ ಇದೆ. ಜ್ವರ ಬಿಟ್ಟು ಎರಡು ದಿನವಾಗಿದೆ. ಊಟ ಸೇರುತ್ತಿದೆ, ಮೂತ್ರ ಚೆನ್ನಾಗಿ ಹೋಗುತ್ತಿದೆ, ಎಲ್ಲೂ ರಕ್ತ ಬರುತ್ತಿಲ್ಲ. ಸಂಖ್ಯೆ ಕೇಳಿದವರು ಬೆಚ್ಚಿಬೀಳುತ್ತಾರೆ. ವೈದ್ಯರ ಲೆಕ್ಕದಲ್ಲಿ ಇವರು ನಿಗಾದಲ್ಲಿ ಇರಬೇಕಾದವರು ಹೌದು, ಆದರೆ ಚೇತರಿಸಿಕೊಳ್ಳುತ್ತಿರುವವರು. ಮೊದಲಿನ ಹೆಂಗಸಿಗಿಂತ ಇವರ ಸ್ಥಿತಿ ಎಷ್ಟೋ ವಾಸಿ.

ಪ್ಲೇಟ್‌ಲೆಟ್ ಕಡಿಮೆಯಾದ ಕೂಡಲೇ ಪ್ಲೇಟ್‌ಲೆಟ್ ಹಾಕಿಸಿ ಎಂದು ಮನೆಯವರು ಒತ್ತಾಯಿಸುವುದುಂಟು. ಸಿಂಗಪುರ ಮತ್ತು ಮಲೇಷ್ಯಾದ ವೈದ್ಯರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಪ್ಲೇಟ್‌ಲೆಟ್ 20,000ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿದ್ದ, ಆದರೆ ಹೇಳಿಕೊಳ್ಳುವಂಥ ರಕ್ತಸ್ರಾವ ಇಲ್ಲದ ವಯಸ್ಕರಲ್ಲಿ ಅರ್ಧ ಜನಕ್ಕೆ ಪ್ಲೇಟ್‌ಲೆಟ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಮುನ್ನೆಚ್ಚರಿಕೆಗೆ ಅಂತ ಕೊಟ್ಟದ್ದರಿಂದ ರಕ್ತಸ್ರಾವ ತಪ್ಪಲಿಲ್ಲ. ಅಡ್ಡಪರಿಣಾಮ ಮಾತ್ರ ಕೊಟ್ಟವರಲ್ಲಿ ಜಾಸ್ತಿ ಕಂಡಿತು. ರಕ್ತ ಸುರಿಯುತ್ತಿರುವವರ ಮಾತು ಬೇರೆ. ಅವರಿಗೆ ಬೇಕಾಗಬಹುದು. ಪಪಾಯ ಎಲೆಯ ರಸದ ಬಗ್ಗೆಯೂ ಇದೇ ಹೇಳಬೇಕು. ಸಂಖ್ಯೆ ಸ್ವಲ್ಪ ಏರಬಹುದು ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಸೋರಿಕೆ ನಿಲ್ಲಿಸುತ್ತದೆ ಎನ್ನಲು ಪುರಾವೆ ಇಲ್ಲ.

ಇನ್ನೊಂದು ಮಾತು. ಆ ಸಂಖ್ಯೆಯೇ ಕೆಲವೊಮ್ಮೆ ತಪ್ಪಿರುತ್ತದೆ. ಸಿಬಿಸಿಗೆ ರಕ್ತ ತೆಗೆದು ಹಾಕುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಆ ರಾಸಾಯನಿಕಕ್ಕೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಯಂತ್ರ ಇಡೀ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದೇ ಇಲ್ಲ. 90,000 ಇದ್ದದ್ದು 35,000 ಎಂದು ಬರಬಹುದು. ಟ್ಯೂಬನ್ನು ಸರಿಯಾಗಿ ಅಲುಗಾಡಿಸದಿದ್ದರೂ ಹೀಗಾಗುತ್ತದೆ. ಒಳ್ಳೆಯ ಟೆಕ್ನಿಷಿಯನ್ ಆದರೆ ಸಂಖ್ಯೆ ಇದ್ದಕ್ಕಿದ್ದ ಹಾಗೆ ಬಿದ್ದಾಗ ಗಾಜಿನ ಸ್ಲೈಡ್ ಮೇಲೆ ಒಂದು ತೊಟ್ಟು ಹರಡಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾರೆ. ಹಾಗೆ ನೋಡಿ ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಹಾಗಾದರೆ ಈಗ ನಮ್ಮ ಕೈಯಲ್ಲಿರುವ ಮುನ್ಸೂಚನೆಯ ಸಾಧನ ಯಾವುದು? ದಿನಕ್ಕೊಂದು ಸಿಬಿಸಿ, ಜ್ವರ ಎಷ್ಟನೇ ದಿನ ಎಂಬ ಲೆಕ್ಕ, ಮತ್ತು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪಟ್ಟಿ ಮಾಡಿದ ಅಪಾಯದ ಸೂಚನೆಗಳು. ಬಿಡದೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು, ಮೂಗಿನಲ್ಲಿ ರಕ್ತ, ಮಂಕಾಗಿ ಬಿದ್ದುಕೊಳ್ಳುವುದು ಅಥವಾ ಚಡಪಡಿಕೆ, ಹೊಟ್ಟೆಯಲ್ಲೋ ಎದೆಯಲ್ಲೋ ನೀರು, ಯಕೃತ್ತಿನ ಊತ. ರಕ್ತ ಪರೀಕ್ಷೆಗೆ ಆ ಪಟ್ಟಿಯಲ್ಲಿ ಒಂದೇ ಒಂದು ಸಾಲು ಸಿಕ್ಕಿದೆ: ಪ್ಲೇಟ್‌ಲೆಟ್ ಸರಸರ ಇಳಿಯುತ್ತಾ ಅದರ ಜೊತೆಗೇ ಪಿಸಿವಿ ಏರುವುದು. ಎರಡೂ ಜೊತೆಗೆ. ಪ್ಲೇಟ್‌ಲೆಟ್ ಒಂದೇ ಅಲ್ಲ.

ಮೊದಲು ಬಂದುಹೋದ ಡೆಂಗಿ

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಆ ಬಗೆಯ ವಿರುದ್ಧ ದೀರ್ಘಕಾಲ ರಕ್ಷಣೆ ಸಿಗುತ್ತದೆ. ಆಮೇಲೆ ಬೇರೆ ಬಗೆ ಬಂದರೆ, ಮೊದಲ ಸೋಂಕಿನ ವಿರುದ್ಧ ಮೈ ತಯಾರಿಸಿದ್ದ ಹಳೆಯ ಪ್ರತಿಕಾಯಗಳು ಕೆಲವೊಮ್ಮೆ ಕಾಯುವ ಬದಲು ವೈರಸ್ಸಿಗೇ ಜೀವಕೋಶದೊಳಗೆ ದಾರಿ ಮಾಡಿಕೊಡುತ್ತವೆ. ಇದು ಬಹಳ ಕಾಲ ವಾದದ ವಿಷಯವಾಗಿತ್ತು. ನಿಕರಾಗುವಾ ದೇಶದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಮೇಲೆ ಮನುಷ್ಯರಲ್ಲೇ ಇದಕ್ಕೆ ಬಲವಾದ ಪುರಾವೆ ಸಿಕ್ಕಿತು. ಪ್ರತಿಕಾಯ ಚೆನ್ನಾಗಿ ಇದ್ದವರಿಗೂ, ಇಲ್ಲದೇ ಇದ್ದವರಿಗೂ ಅಪಾಯ ಕಡಿಮೆ. ನಡುವಿನ ಒಂದು ಮಟ್ಟದಲ್ಲಿ ಇದ್ದವರಿಗೆ ತೀವ್ರ ಡೆಂಗಿಯ ಅಪಾಯ ಏಳು ಪಟ್ಟಿಗಿಂತ ಹೆಚ್ಚು.

ಆದ್ದರಿಂದ ಜ್ವರದ ಮೊದಲ ದಿನಗಳಲ್ಲೇ ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಬಂದರೆ ‘ಇವರಿಗೆ ಮೊದಲು ಒಮ್ಮೆ ಡೆಂಗಿ ಬಂದುಹೋಗಿರಬಹುದು, ಸ್ವಲ್ಪ ಹೆಚ್ಚು ಗಮನ ಇರಲಿ’ ಎಂದು ಓದಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ‘ಐಜಿಜಿ ಅಂದ್ರೆ ಹಳೇದು, ಈಗಿಂದಲ್ಲ ಬಿಡಿ’ ಎಂದು ಕಾಗದ ಮಡಚಿ ಇಡುತ್ತಾರೆ. ಎಷ್ಟೋ ಜನಕ್ಕೆ ಮೊದಲ ಡೆಂಗಿ ಬಂದದ್ದೇ ಗೊತ್ತಿರುವುದಿಲ್ಲ. ಮಾಮೂಲಿ ಮಳೆಗಾಲದ ಜ್ವರ ಎಂದು ಎರಡು ಮಾತ್ರೆ ನುಂಗಿ ಕೆಲಸಕ್ಕೆ ಹೋಗಿರುತ್ತಾರೆ. ಅಸ್ಸಾಂ, ಒಡಿಶಾ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಹಳೆಯ ಕಾಯಿಲೆಯ ಚರಿತ್ರೆಯಂತೂ ಇಲ್ಲಿ ಯಾರ ಬಳಿಯೂ ಇರುವುದಿಲ್ಲ.

ವೈರಸ್ಸನ್ನು ಬಿಟ್ಟು ಮೈಯನ್ನು ಕೇಳುವ ಪರೀಕ್ಷೆ

ಕೊರೊನಾ ಕಾಲದಲ್ಲಿ ಇಡೀ ಜಗತ್ತೇ ಈ ಪ್ರಶ್ನೆಯ ಹಿಂದೆ ಬಿತ್ತು. ಅದೇ ವೈರಸ್ಸು, ಅದೇ ಮನೆ, ಅಣ್ಣನಿಗೆ ನೆಗಡಿ, ತಮ್ಮನಿಗೆ ವೆಂಟಿಲೇಟರ್. ಯಾಕೆ? ಒಂದು ಉತ್ತರ 2020ರಲ್ಲೇ ಸಿಕ್ಕಿತು. ತೀರಾ ಗಂಭೀರವಾದವರಲ್ಲಿ ಹತ್ತರಲ್ಲಿ ಒಬ್ಬರ ರಕ್ತದಲ್ಲಿ ಒಂದು ವಿಚಿತ್ರ ಪ್ರತಿಕಾಯ ಇತ್ತು. ವೈರಸ್ಸಿನ ವಿರುದ್ಧ ಮೈ ಕಳಿಸುವ ಮೊದಲ ಎಚ್ಚರಿಕೆ ಇಂಟರ್‌ಫೆರಾನ್. ಈ ಪ್ರತಿಕಾಯ ಅದನ್ನೇ ಹಿಡಿದು ಕಟ್ಟಿಹಾಕುತ್ತಿತ್ತು. ಅಧ್ಯಯನದಲ್ಲಿದ್ದ, ಸೋಂಕು ತಗಲಿಯೂ ಲಕ್ಷಣ ಇಲ್ಲದವರು ಅಥವಾ ಸೌಮ್ಯವಾಗಿ ಬಂದುಹೋದವರು 663 ಜನ. ಅವರಲ್ಲಿ ಒಬ್ಬರಲ್ಲೂ ಅದು ಸಿಗಲಿಲ್ಲ. ಅಂದರೆ ಸೋಂಕು ತಗಲುವ ಮೊದಲೇ ಕೆಲವರ ರಕ್ತದಲ್ಲಿ ಉತ್ತರದ ಒಂದು ತುಣುಕು ಬರೆದಿತ್ತು.

2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪೂರ್ವೇಶ್ ಖತ್ರಿ ತಂಡ ಇನ್ನೂ ದೊಡ್ಡ ಲೆಕ್ಕ ಹಾಕಿತು. 18 ದೇಶಗಳ 34 ರೋಗಿ ಗುಂಪುಗಳಿಂದ 4,780 ರಕ್ತದ ಮಾದರಿಗಳ ಮಾಹಿತಿ, 16 ವೈರಸ್ ಸೋಂಕುಗಳು. ವೈರಸ್ ಯಾವುದೇ ಇರಲಿ, ಕಾಯಿಲೆ ತೀವ್ರವಾದವರ ರಕ್ತದಲ್ಲಿ ಒಂದೇ ಥರದ ಗುರುತು ಕಂಡಿತು. ಕೆಲವು ಜೀನ್‌ಗಳು ಜೋರಾಗಿ ಕೆಲಸ ಮಾಡುತ್ತಿದ್ದವು, ಕೆಲವು ಮೆತ್ತಗಾಗಿದ್ದವು. ವೈರಸ್ಸನ್ನು ಹುಡುಕುವ ಬದಲು, ಅದಕ್ಕೆ ಮೈ ಹೇಗೆ ಉತ್ತರಿಸುತ್ತಿದೆ ಎಂದು ನೋಡುವ ಪರೀಕ್ಷೆ ಸಾಧ್ಯ ಎಂಬ ನಂಬಿಕೆ ಗಟ್ಟಿಯಾಯಿತು. ಮರುವರ್ಷ ಡೆಂಗಿಗೆಂದೇ ಎಂಟು ಜೀನ್‌ಗಳ ಲೆಕ್ಕಸೂತ್ರ ಬಂತು. ಅದನ್ನು ಕೊಲಂಬಿಯಾದ ರೋಗಿಗಳಲ್ಲಿ ಪರೀಕ್ಷಿಸಿದರು. ಅಪಾಯದ ಸೂಚನೆಗಳ ಪಟ್ಟಿಗಿಂತ ಅದು ಚೆನ್ನಾಗಿ ಕೆಲಸ ಮಾಡಿತು.

ಇದು ಈಗ ಬರೀ ಪ್ರಬಂಧದ ಮಾತಾಗಿ ಉಳಿದಿಲ್ಲ. ಖತ್ರಿಯವರು ಸಹಸ್ಥಾಪಕರಾಗಿರುವ ಇನ್‌ಫ್ಲಮ್ಯಾಟಿಕ್ಸ್ ಕಂಪನಿಯ ಟ್ರೈವೆರಿಟಿ ಎಂಬ ಪರೀಕ್ಷೆಗೆ 2025ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಜೀನ್‌ಗಳು ಕೆಲಸ ಮಾಡುವಾಗ ರಕ್ತದಲ್ಲಿ ಕಾಣುವ 29 ಆರ್‌ಎನ್‌ಎಗಳನ್ನು ಅಳೆದು ಅರ್ಧ ಗಂಟೆಯಲ್ಲಿ ಮೂರು ಉತ್ತರ ಕೊಡುತ್ತದೆ. ಬ್ಯಾಕ್ಟೀರಿಯಾ ಸೋಂಕಾ, ವೈರಸ್ ಸೋಂಕಾ, ಮುಂದಿನ ಏಳು ದಿನದಲ್ಲಿ ಈ ರೋಗಿಗೆ ಐಸಿಯು ಮಟ್ಟದ ಆರೈಕೆ ಬೇಕಾಗಬಹುದಾ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ವಯಸ್ಕರಿಗೆ ಅದು. ಜ್ವರದಲ್ಲಿ ಬಂದವರೆಲ್ಲರನ್ನೂ ಒಂದೇ ವಾರ್ಡಿನಲ್ಲಿ ಸಾಲಾಗಿ ಮಲಗಿಸಬೇಕಾಗುವ ಮಳೆಗಾಲದ ನಮ್ಮ ಆಸ್ಪತ್ರೆಗಳನ್ನು ನೋಡಿದವರಿಗೆ ಇದು ಎಷ್ಟು ಬೆಲೆಬಾಳುವ ಉತ್ತರ ಎಂದು ಗೊತ್ತಾಗುತ್ತದೆ.

ಬೇರೆ ಊರಿನ ಲೆಕ್ಕ ನಮ್ಮೂರಿಗೆ ಕೂಡಿಬರುತ್ತದಾ?

ಇಲ್ಲಿ ನಾನು ಸ್ವಲ್ಪ ತಡೆದು ಮಾತಾಡಬೇಕು. 2020ರ ಮೊದಲ ತಿಂಗಳುಗಳಲ್ಲಿ ಚೀನಾದ ವುಹಾನ್‌ನಿಂದ ಒಂದು ಲೆಕ್ಕಸೂತ್ರ ಬಂತು. 485 ರೋಗಿಗಳ ರಕ್ತದ ಮಾಹಿತಿಯಿಂದ ಮಾಡಿದ್ದು. ಜೀವಕೋಶಗಳ ಹಾನಿ ತೋರಿಸುವ ಎಲ್‌ಡಿಎಚ್, ಉರಿಯೂತ ತೋರಿಸುವ ಸಿಆರ್‌ಪಿ, ಒಂದು ಬಗೆಯ ಬಿಳಿ ರಕ್ತಕಣವಾದ ಲಿಂಫೋಸೈಟ್, ಈ ಮೂರೇ ಸಂಖ್ಯೆಯಿಂದ ಯಾರು ಬದುಕುತ್ತಾರೆ, ಯಾರು ಇಲ್ಲ ಎಂದು ಹತ್ತು ದಿನ ಮೊದಲೇ ಶೇ 90ಕ್ಕಿಂತ ಹೆಚ್ಚು ನಿಖರವಾಗಿ ಹೇಳಬಹುದು ಎಂದಿತ್ತು. ಜಗತ್ತೇ ಕಿವಿಗೊಟ್ಟಿತು. ನೆದರ್‌ಲ್ಯಾಂಡ್ಸ್, ಫ್ರಾನ್ಸ್, ಅಮೆರಿಕದ ವೈದ್ಯರು ಅದೇ ಸೂತ್ರವನ್ನು ತಮ್ಮ ರೋಗಿಗಳ ಮೇಲೆ ಹಾಕಿ ನೋಡಿದರು. ಕೂಡಿಬರಲಿಲ್ಲ. ರೋಗಿಗಳು ಆಸ್ಪತ್ರೆಗೆ ಬರುವ ಹೊತ್ತು ಬೇರೆ, ವಯಸ್ಸು ಬೇರೆ, ರಕ್ತ ತೆಗೆಯುವ ದಿನ ಬೇರೆ. ಕೊನೆಯ ಗಳಿಗೆಯ ರಕ್ತದಲ್ಲಿ ಚೆನ್ನಾಗಿ ಕಾಣುವ ಗುರುತು ಮೊದಲ ದಿನದ ರಕ್ತದಲ್ಲಿ ಕಾಣಲೇಬೇಕು ಎಂದಿಲ್ಲ.

ಅದೊಂದೇ ಅಲ್ಲ. ಕೊರೊನಾದ ಇಂಥ ಮುನ್ಸೂಚನೆಯ ಸೂತ್ರಗಳನ್ನೆಲ್ಲ ‘ಬಿಎಂಜೆ’ ಪತ್ರಿಕೆಯಲ್ಲಿ ಒಂದು ತಂಡ ನಿರಂತರವಾಗಿ ಜರಡಿ ಹಿಡಿಯಿತು. ಒಂದು ಹಂತದಲ್ಲಿ ಲೆಕ್ಕ 232ಕ್ಕೆ ಮುಟ್ಟಿತ್ತು. ಹೆಚ್ಚುಕಡಿಮೆ ಎಲ್ಲವೂ ನಂಬಿಕೆಗೆ ಅರ್ಹವಲ್ಲ ಎಂಬ ತೀರ್ಮಾನ ಬಂತು. ಉಳಿದುಕೊಂಡ ಕೆಲವೇ ಸೂತ್ರಗಳಲ್ಲಿ ಬ್ರಿಟನ್ನಿನ 4ಸಿ ಅಂಕ ಒಂದು. ಅದರಲ್ಲಿ ಎಂಟು ಅಂಶ. ವಯಸ್ಸು, ಗಂಡೋ ಹೆಣ್ಣೋ, ಮೊದಲಿಂದ ಇರುವ ಕಾಯಿಲೆಗಳು, ನಿಮಿಷಕ್ಕೆ ಎಷ್ಟು ಉಸಿರು, ಆಕ್ಸಿಜನ್ ಮಟ್ಟ, ಪ್ರಜ್ಞೆ, ಯೂರಿಯಾ, ಸಿಆರ್‌ಪಿ. ರಕ್ತ ಬೇಕಾಗುವುದು ಕೊನೆಯ ಎರಡಕ್ಕೆ ಮಾತ್ರ. ಉಳಿದ ಆರನ್ನು ಒಬ್ಬ ನರ್ಸ್ ಹಾಸಿಗೆಯ ಪಕ್ಕ ನಿಂತೇ ಬರೆದುಕೊಳ್ಳಬಹುದು. ಡಿ-ಡೈಮರ್, ಫೆರಿಟಿನ್, ಐಎಲ್-6 ಎಂದು 2021ರಲ್ಲಿ ಸಾವಿರಾರು ರೂಪಾಯಿಯ ಪ್ಯಾಕೇಜ್ ಮಾಡಿಸಿದ ಮನೆಗಳು ನಮ್ಮ ಜಿಲ್ಲೆಗಳಲ್ಲೂ ಎಷ್ಟಿದ್ದವು, ಅಲ್ವಾ?

ಆ ಪರೀಕ್ಷೆಗಳೆಲ್ಲ ವ್ಯರ್ಥ ಎಂದು ಹೇಳುತ್ತಿಲ್ಲ. ಸಿಆರ್‌ಪಿಯನ್ನೇ ನೋಡಿ. ಆಕ್ಸಿಜನ್ ಇಳಿದು, ಸಿಆರ್‌ಪಿ 75ಕ್ಕೆ ಮುಟ್ಟಿದವರಿಗೆ ಟೋಸಿಲಿಜುಮಾಬ್ ಎಂಬ ಔಷಧಿ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಸಂಖ್ಯೆ ಬಂದರೆ ಮುಂದೇನು ಮಾಡಬೇಕು ಎಂಬುದು ಅಲ್ಲಿ ಸ್ಪಷ್ಟ ಇತ್ತು. ಆ ಸ್ಪಷ್ಟತೆ ಇಲ್ಲದ ಸಂಖ್ಯೆ ಮನೆಯವರ ನಿದ್ದೆ ಕೆಡಿಸುತ್ತದೆ, ಅಷ್ಟೇ.

ಇನ್ನು ಲೆಕ್ಕದ ಮಾತು. ನಿಖರತೆ ಶೇ 90 ಎಂದು ಕೇಳಿದಾಗ ನಾವು ಹತ್ತರಲ್ಲಿ ಒಂಬತ್ತು ಸಲ ಸರಿ ಎಂದು ತಿಳಿಯುತ್ತೇವೆ. ಸುಮ್ನೆ ಒಂದು ಉದಾಹರಣೆ ಹಾಕಿ ನೋಡೋಣ. ಸಾವಿರ ಡೆಂಗಿ ರೋಗಿಗಳು, ಅವರಲ್ಲಿ 50 ಜನಕ್ಕೆ ತೀವ್ರವಾಗಲಿದೆ. ಪರೀಕ್ಷೆ ಆ 50ರಲ್ಲಿ 45 ಜನರನ್ನು ಹಿಡಿಯುತ್ತದೆ. ಉಳಿದ 950 ಜನರಲ್ಲಿ ಶೇ 20ರಷ್ಟು, ಅಂದರೆ 190 ಜನರಿಗೆ ತಪ್ಪಾಗಿ ‘ಅಪಾಯ’ ಎನ್ನುತ್ತದೆ. ‘ಅಪಾಯ’ ಎಂಬ ಚೀಟಿ ಸಿಕ್ಕವರು 235. ಅವರಲ್ಲಿ ನಿಜಕ್ಕೂ ತೀವ್ರವಾಗುವವರು ಐದರಲ್ಲಿ ಒಬ್ಬರು. ‘ಪರವಾಗಿಲ್ಲ’ ಎಂಬ ಚೀಟಿ ಸಿಕ್ಕವರು 765. ಅವರಲ್ಲಿ ಐದು ಜನಕ್ಕೆ ಆಮೇಲೆ ಬಿಗಡಾಯಿಸುತ್ತದೆ.

ಇದು ಒಳ್ಳೆಯ ಪರೀಕ್ಷೆಯೋ ಅಲ್ಲವೋ? ನನ್ನ ಪ್ರಕಾರ ಒಳ್ಳೆಯದೇ. ಯಾಕೆಂದರೆ ಇದರ ನಿಜವಾದ ಬಲ ‘ಪರವಾಗಿಲ್ಲ’ ಎನ್ನುವುದರಲ್ಲಿದೆ. ಪರೀಕ್ಷೆ ಇಲ್ಲದೆ ನೋಡಿದರೆ 20ರಲ್ಲಿ ಒಬ್ಬರಿಗೆ ಅಪಾಯ. ಪರೀಕ್ಷೆ ‘ಪರವಾಗಿಲ್ಲ’ ಎಂದ ಮೇಲೆ ಸುಮಾರು 150ರಲ್ಲಿ ಒಬ್ಬರಿಗೆ. ಅಂಥವರನ್ನು ಶೃಂಗೇರಿಯಿಂದಲೋ ಆಲೂರಿನಿಂದಲೋ ಹೆದರಿಸಿ ದೂರದ ಊರಿಗೆ ಓಡಿಸಬೇಕಾಗಿಲ್ಲ. ದಿನಾ ಒಮ್ಮೆ ಬಂದು ತೋರಿಸಿ ಎಂದರೆ ಸಾಕು. ಆದರೆ ಇದೇ ಪರೀಕ್ಷೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸಾವಿರಕ್ಕೆ 10 ಜನಕ್ಕೆ ಮಾತ್ರ ತೀವ್ರವಾಗುವ ಕಡೆ ಇಟ್ಟರೆ ಲೆಕ್ಕ ಬದಲಾಗುತ್ತದೆ. ‘ಅಪಾಯ’ ಎಂದವರು 207, ಅವರಲ್ಲಿ ನಿಜವಾದವರು 9. ಹಾಸನದ ಹಿಮ್ಸ್ ಆಸ್ಪತ್ರೆಗೆ ಬರುವವರಲ್ಲಿ ಪಳಗಿದ ಪರೀಕ್ಷೆ ಅರಕಲಗೂಡಿನ ಹಳ್ಳಿಯಲ್ಲಿ ಅದೇ ಥರ ನಡೆಯುವುದಿಲ್ಲ. ಯಂತ್ರ ಒಂದೇ ಇದ್ದರೂ ಬರುವ ರೋಗಿಗಳು ಬೇರೆ.

ಮಲೆನಾಡಿನ ಜ್ವರ ಅಂದರೆ ಡೆಂಗಿ ಒಂದೇ ಅಲ್ಲ

ಪ್ಲೇಟ್‌ಲೆಟ್ ಇಳಿದ ಕೂಡಲೇ ಡೆಂಗಿ ಎಂದುಕೊಳ್ಳುವ ರೂಢಿಯೂ ಇಲ್ಲಿ ದುಬಾರಿಯಾಗುತ್ತದೆ. ಇಲಿ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಪೊದೆಗಳಲ್ಲಿರುವ ಸಣ್ಣ ನುಸಿ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಇಳಿಯುತ್ತದೆ. ಇವೆರಡೂ ವೈರಸ್ಸಿನಿಂದ ಬರುವುದಲ್ಲ. ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಗೆ ಬಗ್ಗುತ್ತವೆ, ತಡ ಮಾಡಿದರೆ ಜೀವ ತೆಗೆಯುತ್ತವೆ. ಸ್ಕ್ರಬ್ ಟೈಫಸ್‌ನಲ್ಲಿ ಕಂಕುಳಲ್ಲೋ ತೊಡೆಸಂದಿಯಲ್ಲೋ ಸುಟ್ಟ ಗಾಯದ ಹಾಗೆ ಒಂದು ಕಪ್ಪು ಹಕ್ಕಳೆ ಇರಬಹುದು. ಅದನ್ನು ಹುಡುಕಲು ಬಟ್ಟೆ ಸರಿಸಿ ನೋಡಬೇಕು. ಯಾವ ರಕ್ತ ಪರೀಕ್ಷೆಯೂ ಆ ಕೆಲಸ ಮಾಡುವುದಿಲ್ಲ.

ಮತ್ತೆ ನಮ್ಮದೇ ಆದ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು. ಉಣ್ಣೆ ಎಂಬ ರಕ್ತ ಹೀರುವ ಹುಳುವಿನಿಂದ ಹರಡುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಡೆಂಗಿಯ ವೈರಸ್ಸೂ ಇದೂ ಒಂದೇ ಕುಟುಂಬದವು. ಸಿಬಿಸಿಯಲ್ಲೂ ಎರಡೂ ಒಂದೇ ಥರ ಕಾಣುತ್ತವೆ. ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ಮಂಗನ ಕಾಯಿಲೆ ಡಿಸೆಂಬರಿನಿಂದ ಮೇ ಒಳಗೆ ಜಾಸ್ತಿ, ಡೆಂಗಿ ಮಳೆ ಶುರುವಾದ ಮೇಲೆ. ಹಾಗಾಗಿ ಫೆಬ್ರವರಿಯಲ್ಲಿ ದರಗೆಲೆ ಗುಡಿಸಿ ಬಂದ ಕೊಪ್ಪದ ಕೂಲಿಯಾಳಿನ ಪ್ಲೇಟ್‌ಲೆಟ್ 70,000 ಆದರೆ ಅದರ ಅರ್ಥವೇ ಬೇರೆ. ಜುಲೈನಲ್ಲಿ ಹಾಸನ ಪೇಟೆಯ ವಿದ್ಯಾರ್ಥಿಯ 70,000ದ ಅರ್ಥ ಬೇರೆ.

ಮಂಗನ ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ನೂರಕ್ಕೆ 10ರಿಂದ 20 ಜನರಿಗೆ ಮೊದಲ ಜ್ವರ ಬಿಟ್ಟು, ಇನ್ನೇನು ವಾಸಿಯಾಯಿತು ಎನ್ನುವಾಗ ಮೂರನೇ ವಾರದ ಹೊತ್ತಿಗೆ ಎರಡನೇ ಸುತ್ತು ಬರುತ್ತದೆ. ತಡೆಯಲಾಗದ ತಲೆನೋವು, ನಡುಕ, ಮನಸ್ಸಿನ ಗೊಂದಲ, ಕಣ್ಣು ಮಂಜಾಗುವುದು. ಈ ಎರಡನೇ ಸುತ್ತು ಯಾರಿಗೆ ಬರುತ್ತದೆ ಎಂದು ಮೊದಲ ವಾರದ ರಕ್ತ ನೋಡಿ ಹೇಳುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಬಳಕೆಯಲ್ಲಿ ಇಲ್ಲ. ಮೊದಲ ಸುತ್ತು ಮುಗಿದು ಮನೆಗೆ ಹೋದವರೆಲ್ಲರೂ ಎರಡು ವಾರ ಕಾಯುತ್ತಾ ಕೂರಬೇಕು. ಹಳೆಯ ಲಸಿಕೆಯ ಬಳಕೆಯೂ ನಿಂತಿದೆ. ಡೆಂಗಿ ನೂರಾರು ಕೋಟಿ ಜನರಿಗೆ ಬರಬಹುದಾದ ಕಾಯಿಲೆ. ಅದಕ್ಕೆ ಪರೀಕ್ಷೆ ಮಾಡಿ ಮಾರುವ ಕಂಪನಿ ಸಿಗುತ್ತದೆ. ಪಶ್ಚಿಮಘಟ್ಟದ ಕೆಲವು ತಾಲ್ಲೂಕುಗಳ ಕೂಲಿಯವರಿಗೆ, ಅಡಕೆ ತೋಟದವರಿಗೆ ಬರುವ ಕಾಯಿಲೆಗೆ ಯಾರು ಮಾಡುತ್ತಾರೆ? ಇದನ್ನು ಸರ್ಕಾರವೇ, ನಮ್ಮ ಸಂಶೋಧನಾ ಸಂಸ್ಥೆಗಳೇ ಮಾಡಬೇಕು. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಬೇಸರ ತರುವ ಸಂಗತಿ ಇದು.

ಈಗಲೇ ಆಗಬಹುದಾದದ್ದು

ಹೊಸ ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳಿವೆ. ಮಳೆಗಾಲದ ನಾಲ್ಕು ತಿಂಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಮತ್ತು ಭಾನುವಾರವೂ ಸಿಬಿಸಿ ಸಿಗಬೇಕು. ಸೋರಿಕೆ ರಜೆ ನೋಡಿ ಬರುವುದಿಲ್ಲ. ರಿಪೋರ್ಟಿನಲ್ಲಿ ‘ಜ್ವರದ ಎಷ್ಟನೇ ದಿನ’ ಎಂಬ ಒಂದು ಸಾಲು, ಹಿಂದಿನ ಪಿಸಿವಿ, ಪ್ಲೇಟ್‌ಲೆಟ್ ಎಷ್ಟಿತ್ತು ಎಂಬ ಇನ್ನೊಂದು ಸಾಲು ಮುದ್ರಣವಾಗಬೇಕು. ಲ್ಯಾಬಿನ ಸಾಫ್ಟ್‌ವೇರಿಗೆ ಇದು ಕಷ್ಟವಲ್ಲ. ಅಲ್ಲಿಯವರೆಗೆ ಮನೆಯವರೇ ಹಳೆಯ ಹಾಳೆಗಳನ್ನು ಒಂದು ಕವರಿನಲ್ಲಿ ಇಟ್ಟುಕೊಂಡು, ಪ್ರತಿಯೊಂದರ ಮೇಲೆ ಜ್ವರದ ದಿನ ಬರೆದು, ಡಾಕ್ಟರ ಮುಂದೆ ಸಾಲಾಗಿ ಇಡಬಹುದು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ಅಕ್ಕಾ, ಪ್ಲೇಟ್‌ಲೆಟ್ ಎಷ್ಟು?’ ಎಂದು ಕೇಳುವ ಜೊತೆಗೆ ‘ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದ್ರಿ? ಹೊಟ್ಟೆ ನೋವು ಇದೆಯಾ?’ ಎಂದೂ ಕೇಳಬೇಕು.

ಎರಡು ತಪ್ಪುಗಳನ್ನು ನಿಲ್ಲಿಸಿದರೂ ಎಷ್ಟೋ ಅನಾಹುತ ತಪ್ಪುತ್ತದೆ. ಮೈಕೈ ನೋವಿಗೆ ಡೈಕ್ಲೊಫೆನಾಕ್ ಸೂಜಿ ಹಾಕಿಸಿಕೊಂಡು ಮರುದಿನ ತೋಟಕ್ಕೆ ಹೋಗುವುದು ಒಂದು. ಆ ಗುಂಪಿನ ನೋವಿನ ಔಷಧಿಗಳು, ಐಬುಪ್ರೊಫೆನ್, ಆಸ್ಪಿರಿನ್ ಸೇರಿ, ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ಇನ್ನೊಂದು, ಸುಸ್ತು ಎಂದು ಬಾಟಲಿ ಮೇಲೆ ಬಾಟಲಿ ಗ್ಲೂಕೋಸ್ ಹಾಕಿಸಿಕೊಳ್ಳುವುದು. ಸೋರಿಕೆ ನಿಂತ ಮೇಲೆ ಹೊರಗೆ ಹೋಗಿದ್ದ ನೀರು ತಾನಾಗಿಯೇ ರಕ್ತನಾಳಕ್ಕೆ ವಾಪಸ್ ಬರುತ್ತದೆ. ಅದರ ಮೇಲೆ ಇನ್ನಷ್ಟು ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎಷ್ಟು ಹಾಕಬೇಕು ಎಂದು ತೀರ್ಮಾನಿಸಲಿಕ್ಕೂ ಅದೇ ಪಿಸಿವಿ ಬೇಕು.

ದೂರದ ಕೆಲಸವೂ ಒಂದಿದೆ. ಕೊಲಂಬಿಯಾದಲ್ಲಿ, ಅಮೆರಿಕದಲ್ಲಿ ಒರೆಗೆ ಹಚ್ಚಿದ ಪರೀಕ್ಷೆ ನಮ್ಮವರಿಗೆ ಹೊಂದುತ್ತದಾ ಎಂದು ನಮ್ಮವರ ರಕ್ತದಲ್ಲೇ ನೋಡಬೇಕು. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮಳೆಗಾಲದಲ್ಲಿ ಅಲ್ಲಿ ತೆಗೆದ ಜ್ವರದ ರಕ್ತ ಪರೀಕ್ಷೆ ಮುಗಿದ ಮೇಲೆ ತ್ಯಾಜ್ಯದ ಡಬ್ಬಕ್ಕೆ ಹೋಗುತ್ತದೆ. ಜೀನ್ ಪರೀಕ್ಷೆಗೆ ಆ ನೇರಳೆ ಮುಚ್ಚಳದ ಟ್ಯೂಬ್ ಹಾಗೇ ಇಟ್ಟರೆ ಆಗುವುದಿಲ್ಲ. ಆರ್‌ಎನ್‌ಎ ಬೇಗ ಕೆಡುತ್ತದೆ. ಅದು ಕೆಡದಂತೆ ಕಾಯುವ ಬೇರೆ ಟ್ಯೂಬ್ ಬೇಕು, ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕು, ಕರೆಂಟು ಹೋದರೆ ಜನರೇಟರ್ ಬೇಕು. ರೋಗಿಯ ಒಪ್ಪಿಗೆ ಪಡೆದು ಮೊದಲ ದಿನವೇ ಒಂದೆರಡು ಮಿಲಿಲೀಟರ್ ಹೆಚ್ಚಿಗೆ ತೆಗೆದಿಟ್ಟು, ಆ ರೋಗಿಗೆ ಆಮೇಲೆ ಏನಾಯಿತು ಎಂದು ಹದಿನೈದು ದಿನ ಫೋನ್ ಮಾಡಿ ಬರೆದಿಡಬೇಕು. ಮಂಗನ ಕಾಯಿಲೆಯ ಮಾದರಿಗಳನ್ನು ಪರೀಕ್ಷಿಸುವ ಶಿವಮೊಗ್ಗದ ಪ್ರಯೋಗಾಲಯವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಅಲ್ಲಿ ಫೋನ್ ಹದಿನೈದು ದಿನಕ್ಕೆ ನಿಲ್ಲಬಾರದು, ಎರಡನೇ ಸುತ್ತು ಕಾಣಬೇಕಾದರೆ ಕನಿಷ್ಠ ಒಂದು ತಿಂಗಳು ಬೆನ್ನು ಹತ್ತಬೇಕು. ಟ್ಯೂಬ್, ಫ್ರೀಜರ್, ಫೋನ್ ಮಾಡಲು ಒಬ್ಬ ನರ್ಸ್, ಲೆಕ್ಕ ಇಡಲು ಒಬ್ಬರು. ಎರಡು ಜಿಲ್ಲೆಯ ಮಟ್ಟಿಗೆ ಇದು ದೊಡ್ಡ ಖರ್ಚಲ್ಲ. ಮುಂದಿನ ಡಿಸೆಂಬರಿಗೆ ಉಣ್ಣೆಯ ಕಾಲ ಶುರುವಾಗುವ ಮೊದಲು ಒಪ್ಪಿಗೆ ಪತ್ರದ ನಮೂನೆಯಾದರೂ ಕನ್ನಡದಲ್ಲಿ ಸಿದ್ಧವಾಗಿರಬೇಕು.